‘ಜನಸಂಖ್ಯಾ ಆರೋಗ್ಯ’ ಸರಿಯೇ? ‘ಜಡ್ಡು’ ಎಲ್ಲಿಯವರೆಗೆ?

ಬಲ್ಲವರಿಗೆ ನಮಸ್ಕಾರ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರ ತರಬೇತಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆಗಳನ್ನು ಎದುರಿಗೆ ಕುಳಿತ ರೋಗಿಯ ಲೆಕ್ಕದಲ್ಲಷ್ಟೇ ನೋಡದೆ ಇಡೀ ಊರಿನ ಲೆಕ್ಕದಲ್ಲಿ ನೋಡಬೇಕೆಂಬುದು ಅದರ ವಿಷಯ. ಇಂಗ್ಲಿಷಿನವರು ‘ಪಾಪ್ಯುಲೇಷನ್ ಹೆಲ್ತ್’ ಎನ್ನುತ್ತಾರೆ. ನಾನು ‘ಜನಸಂಖ್ಯಾ ಆರೋಗ್ಯ’ ಎಂದು ಬರೆದೆ. ಕರಡು ಓದಿದ ಧಾರವಾಡದ ಗೆಳೆಯರೊಬ್ಬರು, ‘ಇದು ಕುಟುಂಬ ಯೋಜನೆಯ ಪುಸ್ತಕವೇ?’ ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ಜನಸಂಖ್ಯೆ ಎಂದೊಡನೆ ನಮಗೆ ನೆನಪಾಗುವುದು ಗೋಡೆಬರಹದ ಕೆಂಪು ತ್ರಿಕೋನವೇ.

‘ಸಾರ್ವಜನಿಕ ಆರೋಗ್ಯ’ ಎಂದರೆ ಚರಂಡಿ, ಲಸಿಕೆಗಳ ಕಡೆಗೆ ಹೋಗುತ್ತದೆ. ‘ಸಮುದಾಯ’ಕ್ಕೆ ನಮ್ಮಲ್ಲಿ ಜಾತಿಯೆಂಬ ಅರ್ಥವೇ ಮುಂದಾಗಿದೆ. ‘ಜನಾರೋಗ್ಯ’ ನನಗೆ ಹಿಡಿಸಿತ್ತು. 2018ರಲ್ಲಿ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಬಂದ ಮೇಲೆ ಆ ಪದ ವಿಮೆಯ ಕಾರ್ಡಿಗೆ ಅಂಟಿಕೊಂಡಿತು. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಕೇಂದ್ರಕ್ಕೆ 30,000 ಜನರೆಂಬ ಲೆಕ್ಕವಿದೆ. ಅವರಲ್ಲಿ ಹೊರರೋಗಿ ಪುಸ್ತಕದಲ್ಲಿ ಹೆಸರೇ ಇಲ್ಲದವರೂ ತನ್ನ ಪಾಲಿನವರೆಂದು ವೈದ್ಯರು ತಿಳಿಯಬೇಕು. ನನ್ನ ಪದ ಆ ಭಾರ ಹೊರಬೇಕು. ಸದ್ಯಕ್ಕೆ ‘ಊರೊಟ್ಟಿನ ಆರೋಗ್ಯ’ ಎಂದು ಇಟ್ಟಿದ್ದೇನೆ. ಹುಬ್ಬಳ್ಳಿಯ ಒಂದು ವಾರ್ಡಿಗೆ ಇದು ಒಗ್ಗೀತೇ ಎಂಬ ಅನುಮಾನ ಉಳಿದಿದೆ.

‘ಕ್ರಾನಿಕ್’ಗೆ ‘ದೀರ್ಘಕಾಲಿಕ’ ಇದ್ದೇ ಇದೆ, ಅದರಲ್ಲಿ ತಕರಾರಿಲ್ಲ. ತೊಡಕು ಅದರ ಮುಂದಿನ ಪದದಲ್ಲಿ. ನಮ್ಮ ಕಡೆ ರೋಗಕ್ಕೆ ‘ಜಡ್ಡು’ ಎನ್ನುತ್ತೇವಲ್ಲ, ಅದನ್ನೇ ಬಳಸೋಣವೆಂದುಕೊಂಡಿದ್ದೆ. ಕುಂದಗೋಳದ ಕಡೆಯ ರೈತರೊಬ್ಬರನ್ನು, ‘ಏನಾದರೂ ಜಡ್ಡು ಇದೆಯೇ?’ ಎಂದು ಕೇಳಿದೆ. ‘ಜಡ್ಡು ಇಲ್ಲ, ಬಿ.ಪಿ. ಅಷ್ಟೇ ಇದೆ’ ಎಂದರು. ಹಾಸಿಗೆ ಹಿಡಿದರೆ ಜಡ್ಡು, ಹೊಲಕ್ಕೆ ಹೋಗುವಷ್ಟು ತ್ರಾಣವಿದ್ದರೆ ಅಲ್ಲ. ಜಡ್ಡೇ ಇಲ್ಲದವರು ದಿನವೂ ಗುಳಿಗೆ ಏಕೆ ನುಂಗಬೇಕು? ಇವರು ನಡುವೆ ನಿಲ್ಲಿಸಿಯೂ ಇದ್ದರು. ವೈದ್ಯರಿಗೆ ಕಲಿಸಬೇಕಾದದ್ದರಲ್ಲಿ ಅರ್ಧ ಪಾಠ ಈ ಒಂದು ಮಾತಿನಲ್ಲೇ ಇದೆ ಎನಿಸಿತು.

‘ಬೇಸರ’ದ ಕಥೆಯೂ ಹೀಗೆಯೇ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಒಯ್ಯುವ ಪಟ್ಟಿಯಲ್ಲಿ ಮನಸ್ಸು ಕುಗ್ಗಿದೆಯೇ ಎಂಬ ಪ್ರಶ್ನೆಯೂ ಇದೆ. ಕುಗ್ಗುವುದೆಂದರೆ ಏನೆಂದು ಒಬ್ಬ ಅಜ್ಜಿ ಕೇಳಿದಾಗ ಕಾರ್ಯಕರ್ತೆ ‘ಬೇಸರ’ ಎಂದು ಬಿಡಿಸಿ ಹೇಳಿದರು. ‘ದುಡಿದವರಿಗೆ ಬೇಸರ ಆಗದೆ ಇರುತ್ತದೆಯೇ?’ ಎಂದು ಅಜ್ಜಿ ನಕ್ಕರು. ಅವರಿಗೆ ಅದು ಮೈ ದಣಿವು. ‘ಖಿನ್ನತೆ’ ಎಂದಿದ್ದರೆ ನಗುವೂ ಬರುತ್ತಿರಲಿಲ್ಲ, ಅದು ಪತ್ರಿಕೆಯ ಪದ. ‘ಮನಸ್ಸಿಗೆ ಆರಾಮಿಲ್ಲ’ ಎಂದು ಕೇಳಿದರೆ ಹೇಗೆ? ಮೈಗೆ ಸಲ್ಲುವ ‘ಆರಾಮ’ ಮನಸ್ಸಿಗೂ ಸಲ್ಲುತ್ತದೆ, ‘ತಲೆ ಕೆಟ್ಟಿದೆ’ ಎಂಬ ಹೀಯಾಳಿಕೆಯೂ ತಪ್ಪುತ್ತದೆ.

ರೋಣ, ಹಾನಗಲ್ಲ, ಶಿಗ್ಗಾಂವಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಓಡಾಡಿಕೊಂಡಿರುವ ಸಕ್ಕರೆ ಕಾಯಿಲೆಯವರಿಗೆ ‘ಜಡ್ಡು’ ಸಲ್ಲುತ್ತದೆಯೇ? ಸಲ್ಲದಿದ್ದರೆ ಅವರು ತಮಗೆ ಏನು ‘ಇದೆ’ ಎನ್ನುತ್ತಾರೆ?