ಲೈನ್ ಫಾಲೋವರ್ ಅಡಿಗೆ ಹೀರುವ ಫ್ಯಾನ್: ಹಾಕಿದವರು ಅನುಭವ ಹೇಳಿ

ತಿರುವು15: ನೆಲದ ಗೆರೆ ಹಿಡಿದು ತಾನೇ ಓಡುವ ನನ್ನ ರೋಬೋ ಗಾಡಿ 110 ಗ್ರಾಂ. ಹಿಂದೆ ಎರಡು ಸಿಲಿಕಾನ್ ಟೈರು, ಮುಂದೆ ಆಸರೆಗೆ ಎಲ್ಲ ಕಡೆ ಉರುಳುವ ಗುಂಡು ಕ್ಯಾಸ್ಟರ್. 15 ಸೆಂ.ಮೀ ತ್ರಿಜ್ಯದ ತಿರುವಲ್ಲಿ ಸೆಕೆಂಡಿಗೆ 1.3 ಮೀಟರ್ ದಾಟಿದರೆ ಹೊರಕ್ಕೆ ಜಾರುತ್ತೆ. 2 ಮೀಟರ್ ಬೇಕು. ಅಡಿಯ ಗಾಳಿ ಹೀರಿ ಗಾಡಿಯನ್ನು ನೆಲಕ್ಕೆ ಒತ್ತುವ ಫ್ಯಾನಿಗೆ ಯಾವ ಮೋಟಾರು ಹಾಕಲಿ?

ಕೋರ್‌ಲೆಸ್8520: ಮೋಟಾರು ಆಮೇಲೆ, ಮೊದಲು ನೆಲಕ್ಕೂ ಗಾಡಿಯ ಅಡಿಯ ಅಂಚಿಗೂ ನಡುವಿನ ಸಂದಿ ಅಳೆಯಿರಿ. ನನ್ನ ಗಾಡಿಯ ಅಡಿ 80×60 ಮಿ.ಮೀ. 400 ಪ್ಯಾಸ್ಕಲ್ ಹೀರಿದರೆ 1.9 ನ್ಯೂಟನ್, ಸುಮಾರು 195 ಗ್ರಾಂ ಭಾರ ಕೂತ ಹಾಗೆ. ಸುತ್ತಳತೆ 280 ಮಿ.ಮೀ. ಸಂದಿ ಅರ್ಧ ಮಿ.ಮೀ ಇದ್ದರೆ ಸೆಕೆಂಡಿಗೆ 2.2 ಲೀಟರ್ ಗಾಳಿ ಒಳಕ್ಕೆ ನುಗ್ಗುತ್ತೆ. ಇಷ್ಟು ಚಿಕ್ಕ ಫ್ಯಾನು, ಮೋಟಾರು ಸೇರಿ ದಕ್ಷತೆ ಕಾಲು ಭಾಗಕ್ಕಿಂತ ಕಡಿಮೆ ಅಂತಲೇ ಹಿಡಿಯಿರಿ; ಹತ್ತಿರ 4 ವಾಟ್ ಬೇಕು. ಸಂದಿ 1 ಮಿ.ಮೀ ಆದರೆ 8 ವಾಟ್, ಅಲ್ಲಿಗೆ 8520 (8.5 ಮಿ.ಮೀ ದಪ್ಪ, 20 ಮಿ.ಮೀ ಉದ್ದದ ಪುಟ್ಟ ಮೋಟಾರು) ಬ್ರಷ್ ಸುಟ್ಟಿತು ಅಂತಲೇ ಲೆಕ್ಕ. ಎರಡು ಸೆಲ್ ಬ್ಯಾಟರಿಯಲ್ಲಿ 3.7 ವೋಲ್ಟಿನ ಮೋಟಾರಿಗೆ ಪೂರ್ತಿ ಡ್ಯೂಟಿ (ಕರೆಂಟ್ ಆನ್ ಇರುವ ಸಮಯದ ಪಾಲು) ಕೊಟ್ಟು ಮೂರು ಮೋಟಾರು ಹೋದವು. ಅದಕ್ಕೇ ಹೇಳೋದು.

ಅಂಚುಪಟ್ಟಿ: ಸಂದಿ ಯಾಕೆ ಬಿಡಬೇಕು? 0.1 ಮಿ.ಮೀ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸುತ್ತ ಅಂಟಿಸಿ, ನೆಲ ಮುಟ್ಟುವ ಅಂಚಿಗೆ ಟೆಫ್ಲಾನ್ ಟೇಪ್. ಪಟ್ಟಿ ತಾನಾಗಿ ಮೇಲೆ ಕೆಳಗೆ ಆಡಬೇಕು. ಅರ್ಧ ಡ್ಯೂಟಿಯಲ್ಲೇ ಗಾಡಿ ಕಚ್ಚಿಕೊಳ್ಳುತ್ತೆ. ನೇರ ಮೇಲಕ್ಕೆ ತೂಕದ ಕೊಕ್ಕೆ ಹಾಕಿ ಎತ್ತಿದರೆ 340 ಗ್ರಾಂ ತೋರಿಸಿತು.

ಕೋರ್‌ಲೆಸ್8520: ಎತ್ತಿದ ಲೆಕ್ಕ ಲೆಕ್ಕವೇ ಅಲ್ಲ ಸ್ವಾಮಿ. ನೆಲಕ್ಕೆ ಒತ್ತಿಕೊಂಡ ಪಟ್ಟಿಯ ಮೇಲೆ ಕೂತ ಭಾರವೂ ಅದರಲ್ಲಿ ಸೇರಿದೆ. ಟೆಫ್ಲಾನ್ ಮೇಲೆ ಕೂತ ಭಾರದಿಂದ ಹಿಡಿತ ಎಲ್ಲಿ ಬರುತ್ತೆ? ಕೊಕ್ಕೆಯನ್ನು ಚಕ್ರದ ಅಚ್ಚಿನ ಮಟ್ಟದಲ್ಲಿ ಸಿಕ್ಕಿಸಿ ಅಡ್ಡಕ್ಕೆ ಎಳೆಯಿರಿ, ಜಾರುವ ಕ್ಷಣದ ಅಂಕಿ ಬರೆದುಕೊಳ್ಳಿ. ಫ್ಯಾನ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ.

ಅಂಚುಪಟ್ಟಿ: ಎಳೆದೇ ನೋಡಿದ್ದೇನೆ. ಆಫ್ ಇದ್ದಾಗ 130, ಆನ್ ಇದ್ದಾಗ 310. ನಿಮ್ಮ ಸಂದಿಯ ಗಾಡಿಯದ್ದು ಹಾಕಿ, ನೋಡೋಣ.

ಗೈರೋ_ಡ್ರಿಫ್ಟ್: ಇಬ್ಬರೂ ಕ್ಯಾಸ್ಟರ್ ಮರೆತಿರಿ. ಹೀರುವ ಜಾಗದ ನಡುಬಿಂದು ಹಿಂದಿನ ಅಚ್ಚಿಗಿಂತ ಮುಂದೆ ಇದ್ದಷ್ಟೂ ಭಾರ ಕ್ಯಾಸ್ಟರಿಗೆ ಹೋಗುತ್ತೆ. ಅಚ್ಚಿನಿಂದ ಕ್ಯಾಸ್ಟರಿಗೆ 80 ಮಿ.ಮೀ, ನಡುಬಿಂದು 40 ಮಿ.ಮೀ ಮುಂದೆ ಅಂದರೆ ಅರ್ಧಕ್ಕರ್ಧ ವ್ಯರ್ಥ. ಫ್ಯಾನ್ ಹೀರುವ ಪೆಟ್ಟಿಗೆಯನ್ನು ಅಚ್ಚಿನ ಮೇಲೇ ತನ್ನಿ. ಅಡಿಯ ಪ್ಲೇಟ್ 1 ಮಿ.ಮೀ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಆದರೆ ನಡು ಬಗ್ಗಿ ಲೈನ್ ಸೆನ್ಸರಿನ ಎತ್ತರ ಬದಲಾಗುತ್ತೆ. ಸೆನ್ಸರ್ ಕ್ಯಾಲಿಬ್ರೇಶನ್ ಫ್ಯಾನ್ ಓಡುವಾಗಲೇ ಮಾಡಿ. ಗಾಡಿ ತಿರುಗುವ ವೇಗ ಅಳೆಯುವ ಗೈರೋ ಸೆನ್ಸರಿನ ಆಫ್‌ಸೆಟ್ (ನಿಂತಾಗಲೂ ತೋರಿಸುವ ತಪ್ಪು ಅಂಕಿ) ಮಾತ್ರ ಫ್ಯಾನ್ ಶುರುವಾಗುವ ಮೊದಲೇ ತೆಗೆದುಕೊಳ್ಳಿ.

ಒಂದೇಟಿಗೆ ಆನ್ ಮಾಡಬೇಡಿ, ವೋಲ್ಟೇಜ್ ಕುಸಿದು ಕಂಟ್ರೋಲರ್ ರೀಸೆಟ್ ಆಗುತ್ತೆ. 300 ಮಿಲಿಸೆಕೆಂಡಿನಲ್ಲಿ ಡ್ಯೂಟಿ ಏರಿಸಿ. ಮೋಟಾರನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಜೊತೆ ಮೋಟಾರಿಗೆ ಅಡ್ಡಲಾಗಿ ಶಾಟ್ಕಿ ಡಯೋಡ್ ಕಡ್ಡಾಯ, ಆಫ್ ಆದಾಗ ಮೋಟಾರಿನಿಂದ ಬರುವ ವೋಲ್ಟೇಜ್ ಹೊಡೆತ ತಡೆಯಲು. ಬ್ಯಾಟರಿ 8.4ರಿಂದ 7.2 ವೋಲ್ಟಿಗೆ ಇಳಿದರೆ ಹೀರುವಿಕೆ ಕಾಲು ಭಾಗಕ್ಕೂ ಹೆಚ್ಚು ಕುಸಿಯುತ್ತೆ, ಒತ್ತಡ ಫ್ಯಾನ್ ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ. ವೋಲ್ಟೇಜ್ ಓದಿ ಡ್ಯೂಟಿ ಸರಿದೂಗಿಸಿ. ಐದನೇ ಸುತ್ತಲ್ಲಿ ಜಾರುವ ಗಾಡಿಗಳ ಕಥೆ ಬಹುಪಾಲು ಇದೇ.

ಬರಿಟೈರು: ಇಷ್ಟೆಲ್ಲ ಯಾಕೆ? ಟೈರು ಪ್ರತಿ ಓಟಕ್ಕೂ ಅಂಟುಟೇಪಿನ ಮೇಲೆ ಉರುಳಿಸಿ ಧೂಳು ತೆಗೆಯಿರಿ. ಫ್ಯಾನ್ ಅನ್ನೋದೇ ಮೋಸ. 1978ರಲ್ಲಿ ಫ್ಯಾನ್ ಹಾಕಿದ ಫಾರ್ಮುಲಾ ಒನ್ ರೇಸ್ ಕಾರು ಬ್ರಭಮ್ ಬಿಟಿ46ಬಿಯನ್ನು ಅನರ್ಹ ಮಾಡಿದ್ದು ಸುಮ್ಮನೆಯಾ?

ಅಂಚುಪಟ್ಟಿ: ಅನರ್ಹ ಮಾಡಲೇ ಇಲ್ಲ. ಸ್ವೀಡನ್ನಿನ ಆ್ಯಂಡರ್‌ಸ್ಟಾರ್ಪ್‌ನಲ್ಲಿ ನಿಕಿ ಲೌಡಾ ಗೆದ್ದ ಫಲಿತಾಂಶ ಹಾಗೇ ಉಳಿಯಿತು; ಒಂದೇ ರೇಸಿನ ನಂತರ ತಂಡವೇ ಕಾರನ್ನು ಹಿಂತೆಗೆದುಕೊಂಡಿತು. ಅದಕ್ಕೂ ಮೊದಲು ಫ್ಯಾನ್ ಇದ್ದ 1970ರ ರೇಸ್ ಕಾರು ಚಾಪರಲ್ 2ಜೆ ಇತ್ತು, ಸುತ್ತ ಲೆಕ್ಸಾನ್ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು. ಸಂದಿ ಮುಚ್ಚಬೇಕು ಅಂತ ಆಗಲೇ ಗೊತ್ತಿತ್ತು.

ಕೋರ್‌ಲೆಸ್8520: ಆ ಕಾರುಗಳಿಗೆ ಟ್ರ್ಯಾಕಿನ ಹಲಗೆಗಳ ಜೋಡಣೆ ಇರಲಿಲ್ಲ. ಒಂದು ಹಲಗೆ ಅರ್ಧ ಮಿ.ಮೀ ಎದ್ದಿದ್ದರೂ ನಿಮ್ಮ ಪಟ್ಟಿಯ ಮುಂದಿನ ಅಂಚು ಒಳಕ್ಕೆ ಮಡಚಿ ಟೇಪು ಸುರುಳಿಯಾಗುತ್ತೆ. ಆ ಕ್ಷಣಕ್ಕೆ ಹೀರುವಿಕೆ ಸೊನ್ನೆ, ಗಾಡಿ ಗೋಡೆಗೆ.

ಅಂಚುಪಟ್ಟಿ: ಮುಂದಿನ ಅಂಚನ್ನು 30 ಡಿಗ್ರಿ ಹಿಂದಕ್ಕೆ ಓರೆ ಮಾಡಿ ಮಡಿಸಿದರೆ ಮಡಚಲ್ಲ. ನಿಮ್ಮ ಎಳೆತದ ಅಂಕಿ ಇನ್ನೂ ಬಂದಿಲ್ಲ.

ತಿರುವು15: ಟೈರು ಒರೆಸಿ ಅಡ್ಡಕ್ಕೆ ಎಳೆದೆ, ಫ್ಯಾನ್ ಇಲ್ಲದೆ 132 ಗ್ರಾಂ. 2 ಮೀಟರಿಗೆ 300 ಬೇಕಾಗುತ್ತೆ. ಪೆಟ್ಟಿಗೆ ಅಚ್ಚಿನ ಮೇಲೆ ತರಬೇಕೆಂದರೆ ಬ್ಯಾಟರಿ ಎಲ್ಲಿಡಲಿ?