ಜೋಡಿಸುವುದೋ, ಸೇರಿಸುವುದೋ, ಹಿಡಿಸುವುದೋ? ರಿಮೋಟ್ ಕಳೆದ ಬಾಕ್ಸಿಗೆ ಒಂದು ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ. 'ಕನೆಕ್ಟ್ ಮಾಡು' ಅನ್ನುವುದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಅಂತ ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ನಿಮ್ಮ ತಲೆಯನ್ನೂ ಸ್ವಲ್ಪ ಕೆಡಿಸೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಸ್ಟ್ರೀಮಿಂಗ್ ಬಾಕ್ಸ್ ಇದೆ, ಇಂಟರ್ನೆಟ್ಟಿನ ಸಿನಿಮಾ, ಧಾರಾವಾಹಿಗಳನ್ನು ಟಿವಿಯಲ್ಲಿ ತೋರಿಸುವಂಥದ್ದು. ಅದರ ರಿಮೋಟ್ ಕಳೆದುಹೋಗಿದೆ. ಅದೇ ಹೊತ್ತಿಗೆ ರೂಟರ್ ಬದಲಾಯಿತು, ವೈಫೈ ಹೆಸರೂ ಪಾಸ್‌ವರ್ಡೂ ಬದಲಾದವು. ಬಾಕ್ಸ್ ಹಳೆಯ ವೈಫೈಯನ್ನೇ ಹುಡುಕುತ್ತಾ ಕೂತಿದೆ. ಹೊಸದನ್ನು ಆರಿಸೋಣ ಅಂದರೆ ರಿಮೋಟ್ ಇಲ್ಲ. ಫೋನಿಗೆ ರಿಮೋಟ್ ಆಪ್ ಹಾಕಿಕೊಳ್ಳೋಣ ಅಂದರೆ, ಆ ಆಪಿಗೆ ಬಾಕ್ಸ್ ಕಾಣಬೇಕಾದರೆ ಎರಡೂ ಮೊದಲೇ ಒಂದೇ ವೈಫೈನಲ್ಲಿ ಇರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಗಾದೆ ಇದಕ್ಕೇ ಹುಟ್ಟಿದ್ದಿರಬೇಕು.

ಇದಕ್ಕೊಂದು ಉಪಾಯ ಇದೆ, ಅದನ್ನು ನಾನು ಚಿಕ್ಕಮ್ಮನಿಗೆ ಅಚ್ಚುಕಟ್ಟಾಗಿ ಕನ್ನಡದಲ್ಲೇ ಬರೆದು ಕಳಿಸಿದೆ. ಬರೆದದ್ದು ಹೀಗೆ: "ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಬಾಕ್ಸನ್ನು ಅದಕ್ಕೆ ಜೋಡಿಸಿ. ಇನ್ನೊಂದು ಫೋನನ್ನೂ ಅದಕ್ಕೇ ಜೋಡಿಸಿ. ಆ ಫೋನಿನ ರಿಮೋಟ್ ಆಪನ್ನು ಬಾಕ್ಸಿಗೆ ಜೋಡಿಸಿ. ಕೊನೆಗೆ ಬಾಕ್ಸನ್ನು ಮನೆಯ ವೈಫೈಗೆ ಜೋಡಿಸಿ." ಹತ್ತೇ ನಿಮಿಷಕ್ಕೆ ಫೋನ್ ಬಂತು. "ಬಾಕ್ಸಿನ ತೂತಿಗೂ ಫೋನಿನ ತೂತಿಗೂ ಹೊಂದೋ ವೈರು ನಮ್ಮಲ್ಲಿಲ್ಲ ಕಣೋ, ಎಲ್ಲಿ ಸಿಗುತ್ತೆ?"

ತಪ್ಪು ಅವರದ್ದಲ್ಲ. ನಾಲ್ಕು ವಾಕ್ಯ, ನಾಲ್ಕು ಜೋಡಿಸಿ, ಎಲ್ಲಕ್ಕೂ ಅರ್ಥ ಒಂದೇ ಅಲ್ಲ.

ಜೋಡಿಸು ಅಂದರೆ ಕೈಯಿಂದ ಮಾಡುವ ಕೆಲಸ, ಅಲ್ವಾ? ಹಲಗೆ ಜೋಡಿಸುತ್ತೇವೆ, ಕೈ ಜೋಡಿಸುತ್ತೇವೆ, ಮುರಿದದ್ದನ್ನು ಮತ್ತೆ ಜೋಡಿಸುತ್ತೇವೆ. ಎರಡು ವಸ್ತು ಒಂದಕ್ಕೊಂದು ತಾಗಿ ಅಲ್ಲೇ ನಿಲ್ಲಬೇಕು. ಹಾಗಾಗಿ ಆ ಮಾತು ಓದಿದವರು ವೈರು ಹುಡುಕುವುದು ಸಹಜವೇ. ಆದರೆ ವೈರಿಗೂ ನಾವು ಮಾತಿನಲ್ಲಿ ಜೋಡಿಸು ಅನ್ನುವುದು ಕಡಿಮೆ. ಸಿಕ್ಕಿಸು, ಚುಚ್ಚು, ಹಾಕು ಅನ್ನುತ್ತೇವೆ. "ಟಿವಿ ಹಿಂದೆ ಎಚ್‌ಡಿಎಂಐ ಸಿಕ್ಕಿಸು" ಅಂದರೆ ಯಾರಿಗೂ ಗೊಂದಲ ಇಲ್ಲ.

ಇನ್ನು ಬ್ಲೂಟೂತಿನ ಪೇರಿಂಗ್. ಇಲ್ಲಿ ಜೋಡಿ ಅನ್ನುವ ಮಾತು ನಿಜವಾಗಿ ಒಪ್ಪುತ್ತದೆ ಅಂತ ನನ್ನ ಅನಿಸಿಕೆ. ಹಳೆಯ ಟಿವಿ ರಿಮೋಟು ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಅದಕ್ಕೆ ಜೋಡಿ ಗೀಡಿ ಏನೂ ಬೇಡ, ಅದೇ ಸಂಕೇತ ಕಳಿಸುವ ಯಾವ ರಿಮೋಟನ್ನಾದರೂ ಟಿವಿ ಕಡೆ ಹಿಡಿದು ಒತ್ತಿದರೆ ಆಯಿತು. ಈಗಿನ ಎಷ್ಟೋ ಬಾಕ್ಸುಗಳ ರಿಮೋಟು ಹಾಗಲ್ಲ, ಬ್ಲೂಟೂತಿನದು. ಹೊಸ ರಿಮೋಟ್ ತಂದರೂ ಮೊದಲು ಅದು ಆ ಬಾಕ್ಸಿನ ಜೊತೆ ಜೋಡಿಯಾಗಬೇಕು. ಅಮೆಜಾನಿನ ಫೈರ್ ಟಿವಿ ಬಾಕ್ಸಿನಲ್ಲಿ ರಿಮೋಟಿನ ಹೋಮ್ ಬಟನ್ನನ್ನು 10 ಸೆಕೆಂಡು ಒತ್ತಿ ಹಿಡಿಯುವುದು ಇದಕ್ಕೇ. ಒಂದು ರಿಮೋಟು, ಒಂದು ಬಾಕ್ಸು, ಜೋಡಿ. ಚೆನ್ನಾಗಿದೆ. ಯಾರೋ ಒಬ್ಬರು ಇದಕ್ಕೆ ಹಳೆಯ ಕನ್ನಡದ 'ಎಣೆ' ತರಬಾರದೇಕೆ ಅಂತ ಕೇಳಿದ್ದರು. ಎಣೆ ಅಂದರೂ ಜೋಡಿಯೇ, ಸಾಟಿಯೂ ಹೌದು, 'ಎಣೆಯಿಲ್ಲದ' ಅನ್ನುವಲ್ಲಿ ಇನ್ನೂ ಉಳಿದಿದೆ. ತಮಿಳಿನವರು ಇದರ ಬಳಗದ 'ಇಣೈ' ಹಿಡಿದುಕೊಂಡು ಇಂಟರ್ನೆಟ್ಟಿಗೇ 'ಇಣೈಯಂ' ಅಂದುಬಿಟ್ಟರು. ಆಸೆಯೇನೋ ಆಗುತ್ತದೆ. ಆದರೆ ನಾವು "ರಿಮೋಟನ್ನು ಎಣೆಸಿ" ಅಂತ ಬರೆದರೆ ನೂರಕ್ಕೆ ನೂರು ಜನ "ಎಣಿಸಿ" ಅಂತ ಓದಿ, ಇರುವುದೇ ಒಂದು, ಅದೂ ಕಳೆದುಹೋಗಿದೆ, ಏನನ್ನು ಎಣಿಸೋದು ಅನ್ನುತ್ತಾರೆ.

ನನ್ನ ನಿಜವಾದ ತೊಡಕು ವೈಫೈಯದು. ಅಲ್ಲಿ ಜೋಡಿ ಅನ್ನುವುದೇ ಇಲ್ಲ. ರೂಟರ್ ಒಂದು, ಅದರ ಸುತ್ತ ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲ ಸೇರಿ ಒಂದು ಗುಂಪು. ಹೊಸದಾಗಿ ಬಂದವರು ಗುಟ್ಟಿನ ಮಾತು ಹೇಳಿ ಒಳಗೆ ಹೋಗಬೇಕು. ಹಾಗಾದರೆ 'ಸೇರು, ಸೇರಿಸು' ಸರಿ ಅನ್ನಿಸಿತು. ಮಗುವನ್ನು ಶಾಲೆಗೆ ಸೇರಿಸುತ್ತೇವೆ, ಬಾಕ್ಸನ್ನು ವೈಫೈಗೆ ಸೇರಿಸುತ್ತೇವೆ. ಬರೆದು ನೋಡಿದೆ, ಚೆನ್ನಾಗಿಯೇ ಕಂಡಿತು. ಆಮೇಲೆ ಒಂದು ಹುಳುಕು ಸಿಕ್ಕಿತು. ಸೇರಿಸು ಅಂದರೆ ಪಟ್ಟಿಗೆ ಸೇರಿಸು ಅಂತಲೂ ಆಗುತ್ತದೆ. ಸೆಟ್ಟಿಂಗ್ಸಿನಲ್ಲಿ ಹೊಸ ನೆಟ್‌ವರ್ಕಿನ ಹೆಸರನ್ನು ಕೈಯಾರೆ ಟೈಪ್ ಮಾಡಿ ಸೇರಿಸುವುದು ಬೇರೆ, ಅದರೊಳಗೆ ಹೋಗುವುದು ಬೇರೆ. "ಬಾಕ್ಸನ್ನು ವೈಫೈಗೆ ಸೇರಿಸು" ಮತ್ತು "ವೈಫೈಯನ್ನು ಬಾಕ್ಸಿಗೆ ಸೇರಿಸು" ಅಂತ ಪೂರ್ತಿ ಬರೆದರೆ ವಿಭಕ್ತಿಯೇ ಕಾಪಾಡುತ್ತದೆ. ಆದರೆ ಮಾತಾಡುವಾಗ ಅಷ್ಟೆಲ್ಲ ಯಾರು ಹೇಳುತ್ತಾರೆ? 'ಅನ್ನು' ಬಿಟ್ಟು "ವೈಫೈ ಸೇರಿಸು" ಅಂದರೆ ಎರಡೂ ಒಂದೇ ಆಗಿಹೋಯಿತು.

ಜನ ನಿಜಕ್ಕೂ ಏನನ್ನುತ್ತಾರೆ ಅಂತ ಕಿವಿಗೊಟ್ಟರೆ ಇನ್ನೂ ಮಜಾ. "ವೈಫೈ ಹಿಡೀತಿಲ್ಲ", "ವೈಫೈ ಸಿಗ್ತಿಲ್ಲ", "ವೈಫೈ ಬರ್ತಿಲ್ಲ". ಮೂರನ್ನೂ ಸುಮ್ನೆ ಒಂದೇ ಅಂತ ತಿಳಿಯುತ್ತೇವೆ, ಆದರೆ ತಪ್ಪು ಯಾರದು ಅನ್ನುವುದು ಬದಲಾಗುತ್ತದೆ, ಗಮನಿಸಿದ್ದೀರಾ? "ಬಾಕ್ಸು ವೈಫೈ ಹಿಡೀತಿಲ್ಲ" ಅಂದರೆ ಬಾಕ್ಸಿನ ಕೈಲಾಗುತ್ತಿಲ್ಲ. "ಬಾಕ್ಸಿಗೆ ವೈಫೈ ಸಿಗ್ತಿಲ್ಲ" ಅಂದರೆ ಪಾಪ ಬಾಕ್ಸು, ಅದೇನು ಮಾಡೀತು. ಇದು ಬರೀ ಮಾತಿನ ಚಮತ್ಕಾರವಲ್ಲ, ರಿಪೇರಿಗೂ ಬೇಕಾದ ವ್ಯತ್ಯಾಸ. ವೈಫೈ ಅಲೆಗಳಲ್ಲೂ ಬೇರೆ ಬೇರೆ ಬಗೆ ಇವೆ, ಕೆಲವು ಹಳೆಯ ಬಾಕ್ಸುಗಳಿಗೆ 2.4 ಗಿಗಾಹರ್ಟ್ಸಿನದು ಮಾತ್ರ ಕೇಳಿಸುತ್ತದೆ. ಫೋನು 5 ಗಿಗಾಹರ್ಟ್ಸಿನಲ್ಲಿ ಹಾಟ್‌ಸ್ಪಾಟ್ ಬಿಟ್ಟರೆ ಅವಕ್ಕೆ ಆ ಹೆಸರೇ ಕಾಣುವುದಿಲ್ಲ. ಅದು 'ಸಿಗುತ್ತಿಲ್ಲ'. ಫೋನಿನ ಸೆಟ್ಟಿಂಗ್ಸಿನಲ್ಲಿ 2.4ಕ್ಕೆ ಇಳಿಸಬೇಕು. ಹೆಸರು ಕಂಡರೂ ಪಾಸ್‌ವರ್ಡ್ ತಪ್ಪಾಗಿ ಹೊರಗೇ ನಿಂತರೆ ಅದು 'ಸೇರುತ್ತಿಲ್ಲ'. ಇವೆರಡನ್ನು ಬೇರೆ ಮಾಡಿ ಹೇಳುವವರ ಸಮಸ್ಯೆ ಅರ್ಧ ಬಗೆಹರಿದಂತೆ. ಆದರೆ ಹಿಡಿ ಅನ್ನುವುದರಿಂದ ಮಾಡಿಸುವ ರೂಪ ಬೇಕು ಅಂದರೆ 'ಹಿಡಿಸು'. ಕನ್ನಡದಲ್ಲಿ ಹಿಡಿಸುವುದು ಹುಚ್ಚನ್ನು, ಇಲ್ಲವೇ ದೆವ್ವವನ್ನು. "ಬಾಕ್ಸಿಗೆ ವೈಫೈ ಹಿಡಿಸಿ" ಅಂದರೆ ಆಮೇಲೆ ಬಿಡಿಸಲು ಮಂತ್ರವಾದಿಯೇ ಬರಬೇಕು.

ಉಪಾಯದ ತಿರುಳು ಹೇಳಲು ಹೋದಾಗ ಇನ್ನೊಂದು ಪದ ಕೈಕೊಟ್ಟಿತು: 'ಒಂದೇ'. ಬಾಕ್ಸು ತನಗೆ ಗೊತ್ತಿರುವ ವೈಫೈಯನ್ನು ಗುರುತಿಸುವುದು ಹೆಸರು ಮತ್ತು ಪಾಸ್‌ವರ್ಡಿನಿಂದ. ಗೋಡೆಯ ಮೇಲಿನ ರೂಟರ್ ಯಾವುದು ಅಂತ ಅದು ನೋಡುವುದಿಲ್ಲ. ಹಾಗಾಗಿ ಫೋನಿನ ಹಾಟ್‌ಸ್ಪಾಟಿಗೆ ಹಳೆಯ ರೂಟರಿನ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಹಾಗೆ ಹಾಗೇ ಇಟ್ಟರೆ, ಬಾಕ್ಸು ನಮ್ಮ ಮನೆಯದೇ ಅಂದುಕೊಂಡು ತಾನಾಗಿಯೇ ಒಳಗೆ ಬರುತ್ತದೆ. ಎರಡನೆಯ ಫೋನೂ ಅದೇ ಹಾಟ್‌ಸ್ಪಾಟಿಗೆ ಬಂದರೆ ರಿಮೋಟ್ ಆಪಿಗೆ ಬಾಕ್ಸು ಕಾಣುತ್ತದೆ. ಆಪಿನಿಂದಲೇ ಸೆಟ್ಟಿಂಗ್ಸಿಗೆ ಹೋಗಿ ಹೊಸ ವೈಫೈ ಆರಿಸಿದರೆ ಮುಗಿಯಿತು. ಇದನ್ನು ನಾನು "ಎಲ್ಲಕ್ಕೂ ಒಂದೇ ವೈಫೈ ಇರಬೇಕು" ಅಂತ ಬರೆದೆ. ಚಿಕ್ಕಮ್ಮ ಅದನ್ನು "ಒಂದೇ ಒಂದು ವೈಫೈ ಇರಬೇಕು" ಅಂತ ಓದಿ ಹೊಸ ರೂಟರನ್ನು ಆಫ್ ಮಾಡಿಬಿಟ್ಟರು. ಒಂದೇ ಅನ್ನುವುದಕ್ಕೆ 'ಒಂದು ಮಾತ್ರ' ಮತ್ತು 'ಬೇರೆಯಲ್ಲ' ಎರಡೂ ಅರ್ಥ ಇದೆಯಲ್ಲ. 'ಅದೇ' ಅಂತ ಬರೆಯಬೇಕಿತ್ತು. ಆದರೆ ಇಲ್ಲಿ ಅದೂ ಪೂರ್ತಿ ನಿಜವಲ್ಲ. ಅದೇ ಹೆಸರಿನ ಬೇರೆ ವೈಫೈ. ಫೋನು ರೂಟರಿನ ವೇಷ ಹಾಕಿದೆ. ಇಂಥದ್ದಕ್ಕೆ 'ಸೋಗಿನ ವೈಫೈ' ಅಂದರೆ ಹೇಗೆ? ಹಾಟ್‌ಸ್ಪಾಟನ್ನು ಬಿಸಿತಾಣ ಮಾಡುವುದಕ್ಕಿಂತ ವಾಸಿ.

"ಹಾಗೆ ಹಾಗೇ" ಅಂದೆನಲ್ಲ, ಅಲ್ಲೂ ಒಂದು ಕಲ್ಲು. ಹೆಸರಿನಲ್ಲೂ ಪಾಸ್‌ವರ್ಡಿನಲ್ಲೂ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರ, ಸ್ಮಾಲ್ ಅಕ್ಷರ ಬೇರೆ ಬೇರೆ ಲೆಕ್ಕ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ, ಹಾಗಾಗಿ ಪದವೂ ಗಟ್ಟಿಯಾಗಿಲ್ಲ. "ಮೊದಲನೆಯದು ದೊಡ್ಡಕ್ಷರ" ಅಂತ ಬರೆದೆ. ಚಿಕ್ಕಪ್ಪ ಫೋನಿನ ಅಕ್ಷರದ ಗಾತ್ರ ಹೆಚ್ಚಿಸಿಕೊಂಡು "ಈಗ ಚೆನ್ನಾಗಿ ಕಾಣ್ತಿದೆ" ಅಂದರು. ಅಲ್ಲಿಗೆ ನಾನು ಕ್ಯಾಪಿಟಲ್ ಅಂತಲೇ ಬರೆಯುವುದು ಅಂತ ತೀರ್ಮಾನಿಸಿದೆ, ಯಾರು ಏನೇ ಅನ್ನಲಿ. ಅಂದಹಾಗೆ ವೈಫೈಗೆ ಕನ್ನಡದಲ್ಲೇ ಹೆಸರಿಡಬಹುದು, ಗೊತ್ತಿರಲಿ. ಹೆಸರಿಗೆ ಸಿಗುವ ಜಾಗ 32 ಬೈಟು, ಯೂನಿಕೋಡಿನಲ್ಲಿ ನಮ್ಮ ಒಂದೊಂದು ಚಿಹ್ನೆಗೆ 3 ಬೈಟು ಬೇಕು, ಗುಣಿತವೂ ಒತ್ತಿನ ವಿರಾಮವೂ ಬೇರೆ ಬೇರೆ ಚಿಹ್ನೆ. ಅಂದರೆ 10 ಚಿಹ್ನೆಗೆ ಮುಗಿಯಿತು. 'ಚಿಕ್ಕಮನೆ' ಹಿಡಿಸುತ್ತದೆ, 'ಚಿಕ್ಕಮ್ಮನ ಮನೆ' ಹಿಡಿಸುವುದಿಲ್ಲ.

ರಿಮೋಟಿಗೆ 'ದೂರನಿಯಂತ್ರಕ' ಬೇಕೇ ಅನ್ನುವ ಚರ್ಚೆಗೆ ನಾನು ಬರುವುದಿಲ್ಲ, ಅದು ಕನ್ನಡದ್ದೇ ಆಗಿ ರಿಮೋಟು, ರಿಮೋಟಿಗೆ, ರಿಮೋಟುಗಳು ಅಂತ ಎಲ್ಲ ಪ್ರತ್ಯಯ ಹತ್ತಿಸಿಕೊಂಡು ಆಗಿದೆ. ಆದರೆ "ರಿಮೋಟ್ ಇಲ್ಲದ ಬಾಕ್ಸ್" ಅಂತ ಬರೆಯುವವರು ಸ್ವಲ್ಪ ನೋಡಿ ಬರೆಯಿರಿ. 2013ರಲ್ಲಿ ಗೂಗಲ್ ತಂದ ಇಂಥದ್ದೇ ಸಾಧನ, ಮೊದಲ ಕ್ರೋಮ್‌ಕಾಸ್ಟಿಗೆ ರಿಮೋಟೇ ಇರಲಿಲ್ಲ, ಎಲ್ಲ ಫೋನಿನಿಂದಲೇ. ಅದು ರಿಮೋಟ್ ಇಲ್ಲದ್ದು. ಚಿಕ್ಕಮ್ಮನದು ರಿಮೋಟ್ ಕಳೆದದ್ದು. ಮತ್ತೆ ಟಿವಿಯದೇ ರಿಮೋಟು ಕೈಯಲ್ಲಿದ್ದರೆ? ಎಚ್‌ಡಿಎಂಐ ಕೇಬಲ್ಲಿನಲ್ಲೇ ಸಿಇಸಿ ಅಂತ ಒಂದು ಸೌಲಭ್ಯ ಇದೆ, ಟಿವಿ ಮತ್ತು ಬಾಕ್ಸು ಎರಡರಲ್ಲೂ ಅದು ಆನ್ ಇದ್ದರೆ ಟಿವಿ ರಿಮೋಟಿನ ಬಾಣದ ಬಟನ್ನುಗಳು ಬಾಕ್ಸಿನಲ್ಲೂ ಕೆಲಸ ಮಾಡಬಹುದು. ಮೊದಲು ಇದನ್ನೇ ನೋಡಬೇಕಿತ್ತು. ಚಿಕ್ಕಮ್ಮನ ಟಿವಿಯಲ್ಲಿ ಅದು ಆಫ್ ಇದೆಯೋ ಆನ್ ಇದೆಯೋ ಅಂತ ಹುಡುಕಲು ಹೆಸರೇ ಸಿಗಲಿಲ್ಲ, ಯಾಕೆಂದರೆ ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಅನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಅನ್ನುತ್ತದೆ. ಪದಗಳ ಗೊಂದಲ ನಮ್ಮೊಬ್ಬರದೇ ಅಲ್ಲ ಅಂತ ಸ್ವಲ್ಪ ಸಮಾಧಾನವಾಯಿತು.

ಒಂದು ಪದದ ಬಗ್ಗೆ ಮಾತ್ರ ನನಗೆ ನಿಜವಾಗಿ ಸಿಟ್ಟಿದೆ: 'ಮರುಹೊಂದಿಸು'. ರೀಸೆಟ್ಟಿಗೆ ಕನ್ನಡ ಸೆಟ್ಟಿಂಗ್ಸಿನಲ್ಲಿ ಬರುವ ಮಾತು ಇದೇ. ಹೊಂದಿಸು ಅಂದರೆ ಎಷ್ಟು ಮೆತ್ತಗಿನ ಮಾತು, ಕನ್ನಡಕ ಹೊಂದಿಸಿಕೊಂಡ ಹಾಗೆ, ಗಡಿಯಾರ ಹೊಂದಿಸಿದ ಹಾಗೆ. ಮರುಹೊಂದಿಸು ಅಂದರೆ ಇನ್ನೊಮ್ಮೆ ಸ್ವಲ್ಪ ಸರಿ ಮಾಡುವುದು ಅಂದುಕೊಂಡು ಯಾರು ಬೇಕಾದರೂ ಒತ್ತುತ್ತಾರೆ. ಆದರೆ ಬಾಕ್ಸನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದು ಹಳೆಯ ವೈಫೈ ಹೆಸರನ್ನೂ ಮರೆತುಬಿಡುತ್ತದೆ. ಸೋಗು ಹಾಕೋಣ ಅಂದರೆ ಯಾರ ಸೋಗು? ಗುರುತೇ ಇಲ್ಲವಲ್ಲ. ರಿಮೋಟೂ ಇಲ್ಲ, ನೆನಪೂ ಇಲ್ಲ, ಇದ್ದ ಒಂದು ದಾರಿಯೂ ಮುಚ್ಚಿತು. 'ಎಲ್ಲ ಅಳಿಸು' ಅಂತಲೋ 'ಹೊಸದರಂತೆ ಮಾಡು' ಅಂತಲೋ ಇದ್ದಿದ್ದರೆ ಕೈ ಒಂದು ಕ್ಷಣ ತಡೆಯುತ್ತಿತ್ತು. ಚಿಕ್ಕಮ್ಮ ಅದನ್ನು ಒತ್ತದೆ ಇದ್ದದ್ದು ನಮ್ಮ ಪುಣ್ಯ.

ಕೊನೆಗೆ ಬರೆಯುವುದು ಬಿಟ್ಟು ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟೆ. "ನಿಮ್ಮ ಫೋನಿಗೆ ಹಳೇ ವೈಫೈ ಹೆಸರಿಡಿ" ಅಂದದ್ದು ತಕ್ಷಣ ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕರೆ ಮಾಡಿ "ಬಾಕ್ಸು ಹತ್ಕೊಂತು ಕಣೋ" ಅಂದರು. ನನ್ನ ಎದೆ ಧಸಕ್ಕೆಂದಿತು. "ಹೊಗೆ ಬರ್ತಿದೆಯಾ? ಮೊದಲು ಮೇನ್ ಸ್ವಿಚ್ ಆಫ್ ಮಾಡಿ" ಅಂತ ಕೂಗಿದೆ. ಆ ಕಡೆ ಒಂದು ಗಳಿಗೆ ಮೌನ. "ಬೆಂಕಿ ಅಲ್ವೋ, ವೈಫೈಗೆ ಹತ್ಕೊಂತು."

ಆಗಿನಿಂದ ಈ 'ಹತ್ತು' ನನ್ನನ್ನು ಬಿಡುತ್ತಿಲ್ಲ. ಮಕ್ಕಳನ್ನು ಬಸ್ಸಿಗೆ ಹತ್ತಿಸುತ್ತೇವೆ: ಒಂದು ಬಸ್ಸು, ಹಲವರು, ಟಿಕೆಟ್ ಇದ್ದರೆ ಮಾತ್ರ ಒಳಗೆ. ವೈಫೈ ಅಂದರೆ ಥೇಟ್ ಅದೇ ಅಲ್ವಾ? "ಬಾಕ್ಸನ್ನು ವೈಫೈಗೆ ಹತ್ತಿಸಿ." ವೈರಿಗೆ ಸಿಕ್ಕಿಸು, ಬ್ಲೂಟೂತಿಗೆ ಜೋಡಿ ಮಾಡು, ವೈಫೈಗೆ ಹತ್ತಿಸು, ಮೂರೂ ಬೇರೆ ಬೇರೆ ಉಳಿದವು. ಅಡ್ಡಿ ಒಂದೇ, ಆ ಬೆಂಕಿ. "ಹತ್ತಿಕೊಂಡಿತು" ಅಂದರೆ ನಿಮ್ಮ ಕಡೆಯೂ ಮೊದಲು ಹೊಳೆಯುವುದು ಬೆಂಕಿಯೇನಾ, ಅಥವಾ ನಾನೊಬ್ಬನೇ ಹೆದರಿದ್ದಾ? ವೈಫೈ ವಿಷಯದಲ್ಲಿ ಈ ಮಾತನ್ನು ಬೇರೆ ಯಾರ ಬಾಯಲ್ಲಾದರೂ ಕೇಳಿದ್ದರೆ ತಿಳಿಸಿ. 'ಹತ್ತಿಸು' ಬೇಡ ಅನ್ನುವವರು ಬದಲಿಗೆ ಒಂದು ಕ್ರಿಯಾಪದವನ್ನೂ ಜೊತೆಗೆ ಕೊಡಿ, ಮಾಡುವ ಮತ್ತು ಮಾಡಿಸುವ ಎರಡೂ ರೂಪ ಸಮೇತ.