ಭಾವನ ಶಾಕು, ಅತ್ತೆಯ ಸೀರೆ

ಭಾನುವಾರ ಬೆಳಿಗ್ಗೆ 6.40ಕ್ಕೆ ಭಾವ ಕಳಿಸಿದ ಒಂದು ಫಾರ್ವರ್ಡ್‌ನಿಂದ ಇಷ್ಟೆಲ್ಲ ಆಯಿತು. ನಮ್ಮ 'ತೋಟದಮನೆ ಬಳಗ' ಗುಂಪಿನಲ್ಲಿ ಆ ಹೊತ್ತಿಗೆ ಬರುವುದು ತಾವರೆ ಹೂವಿನ ಶುಭೋದಯ ಮಾತ್ರ. ಅವತ್ತು ಬಂದದ್ದು ಹಳದಿ ಬಣ್ಣದ ಶಾಕ್ ಅಬ್ಸಾರ್ಬರಿನ ಫೋಟೋ. ಕೆಳಗೆ ಹೀಗಿತ್ತು:

"ನಿಮ್ಮ ಪಿಕಪ್ ಕುಕ್ಕುತ್ತಿದೆಯೇ? ಇಂದೇ ಗ್ಯಾಸ್ ಶಾಕ್ ಹಾಕಿಸಿ! ಗ್ಯಾಸ್ ಮೇಲೆ ಗಾಡಿ ತೇಲುತ್ತದೆ! ಲೋಡ್ ಹೊರುವ ಶಕ್ತಿ ದುಪ್ಪಟ್ಟು! ಬೆನ್ನುನೋವು ಮಾಯ! ಹಳೇ ಶಾಕ್ ಇದ್ದರೆ ಗಾಡಿಯಲ್ಲಿರುವ ಯಾವ ವಸ್ತುವೂ ಸುರಕ್ಷಿತವಲ್ಲ! ಹತ್ತು ಜನರಿಗೆ ತಲುಪಿಸಿ."

ಮೇಲೆ ಎರಡು ಬಾಣದ ಗುರುತು, ಹಲವು ಬಾರಿ ಫಾರ್ವರ್ಡ್ ಆಗಿದೆ ಅಂತ. ಕೆಳಗೆ ಭಾವನ ಸ್ವಂತದ್ದು ಒಂದೇ ಸಾಲು: "ಕೆಲವರು ಇದನ್ನು ಎರಡು ಸಲ ಓದಬೇಕು."

ಕೆಲವರು ಅಂದರೆ ಅತ್ತೆ. ಇದು ಗುಂಪಿನ 34 ಜನಕ್ಕೂ ಗೊತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 2019ರಲ್ಲಿ ನಮ್ಮ ಮನೆಯಲ್ಲಿ ಒಂದು ಉಪನಯನ ಆಯಿತು. ಅಡುಗೆ ಆದದ್ದು ಮನೆಯ ಅಂಗಳದಲ್ಲಿ, ಊಟ ಮೂರು ಕಿಲೋಮೀಟರ್ ಆಚೆಯ ದೇವಸ್ಥಾನದ ಹಾಲ್‌ನಲ್ಲಿ. ಸಾರಿನ ಕೊಪ್ಪರಿಗೆಯನ್ನು ಪಿಕಪ್ಪಿಗೆ ಹತ್ತಿಸಿದರು. ಓಡಿಸಿದ್ದು ಭಾವ. ಶಾಲೆಯ ಎದುರಿನ ಹಂಪ್ ಹತ್ತಿ ಇಳಿಯುವಾಗ ಕೊಪ್ಪರಿಗೆ ವಾಲಿತು. ಪಕ್ಕದಲ್ಲಿ ಅತ್ತೆಯ ಚೀಲ ಇತ್ತು, ಅದರೊಳಗೆ ಮಡಿಕೆ ಬಿಚ್ಚದ ಮೈಸೂರು ಸಿಲ್ಕ್. ಜರಿಯ ಮೇಲೆ ಒಗ್ಗರಣೆಯ ಸಾಸಿವೆ ಅಂಟಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಅಂದಿನಿಂದ ಅತ್ತೆ ಹೇಳುವುದು ಭಾವನಿಗೆ ಹಂಪ್ ಕಾಣಲಿಲ್ಲ ಅಂತ. ಭಾವ ಹೇಳುವುದು ಗಾಡಿಯ ಶಾಕ್ ಹೋಗಿತ್ತು ಅಂತ. ಆ ಪಿಕಪ್ ಈಗ ನನ್ನ ಹತ್ತಿರ ಇದೆ. ಶಾಕ್ ಆಗಿನದೇ ಇದೆ. ಹಾಗಾಗಿ ಈ ಜಗಳದಲ್ಲಿ ನಾನೊಬ್ಬ ಸಾಕ್ಷಿ, ನನ್ನ ಗಾಡಿ ಇನ್ನೊಂದು.

ಮೊದಲು ಎದ್ದವರು ದೊಡ್ಡಪ್ಪ. "ಯಾವ ಕಾರಣಕ್ಕೂ ಗಾಡಿಗೆ ಗ್ಯಾಸ್ ಹಾಕಿಸಬೇಡಿ. ಬೆಂಕಿ ಹತ್ತಿದರೆ ಯಾರು ಹೊಣೆ? ಮನೆಯಲ್ಲಿ ಹೆಂಗಸರು ಮಕ್ಕಳು ಇದ್ದಾರೆ."

ಅವರು ಗ್ಯಾಸ್ ಅಂತ ಓದಿದರು, ಶಾಕ್ ಅಂತ ಓದಲಿಲ್ಲ. ಏಳು ಜನ ಅದಕ್ಕೆ ಕೈಮುಗಿದರು.

ಬೆಂಗಳೂರಿನ ತಂಗಿ, ದೊಡ್ಡಪ್ಪನ ಮಗಳೇ, ತಕ್ಷಣ ಬರೆದಳು: "ಅಪ್ಪಾ, ಅದು ಅಡುಗೆ ಗ್ಯಾಸ್ ಅಲ್ಲ, ನೈಟ್ರೋಜನ್. ಬೆಂಕಿ ಹತ್ತಲ್ಲ. ಮತ್ತೆ ಭಾವಾ, ಲೋಡ್ ದುಪ್ಪಟ್ಟು ಅಂತ ಯಾರು ಹೇಳಿದ್ದು? ಸೋರ್ಸ್ ಕಳಿಸಿ."

ಭಾವ: "ಸೋರ್ಸ್ ಮೇಲೇ ಇದೆಯಲ್ಲ."

ತಂಗಿ: "ಅದು ಫಾರ್ವರ್ಡು."

ಭಾವ: "ಫಾರ್ವರ್ಡ್ ಮಾಡಿದವರು ತಿಳಿದವರು."

ದೊಡ್ಡಪ್ಪ: "ಈಗಿನ ಮಕ್ಕಳಿಗೆ ದೊಡ್ಡವರು ಏನು ಹೇಳಿದರೂ ಸೋರ್ಸ್ ಬೇಕು. ಕೊರೊನಾ ಸಮಯದಲ್ಲೂ ಹೀಗೇ ಮಾಡಿದಳು."

ಅಲ್ಲಿಗೆ ಶಾಕ್ ಪಕ್ಕಕ್ಕೆ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ದೊಡ್ಡಪ್ಪ ಒಂದು ಕಷಾಯದ ಫಾರ್ವರ್ಡ್ ಹಾಕಿದ್ದರು, ಅವಳು ಎಲ್ಲರೆದುರು ಅದು ಸುಳ್ಳು ಅಂದಿದ್ದಳು, ಅವರು ಗುಂಪು ಬಿಟ್ಟು ಹೋಗಿದ್ದರು, ದೊಡ್ಡಮ್ಮ ಮೂರು ದಿನ ಊಟಕ್ಕೆ ಕರೆಯುವ ಹಾಗೆ ಕರೆದು ಮತ್ತೆ ಸೇರಿಸಿದ್ದರು. ಅದೆಲ್ಲ ಇನ್ನೊಮ್ಮೆ ಬಂತು. ಆ ಕಷಾಯ ಕುಡಿದವರ್‍ಯಾರಿಗೂ ಏನೂ ಆಗಲಿಲ್ಲ ಅಂತ ದೊಡ್ಡಪ್ಪ, ಕುಡಿಯದವರಿಗೂ ಆಗಲಿಲ್ಲ ಅಂತ ತಂಗಿ.

ನಡುವೆ ಚಿಕ್ಕಮ್ಮ ಒಂದು ಸಾಲು ಬರೆದಿದ್ದರು: "ಹಿಂದಿನ ಟೈರಿಗೆ ಗಾಳಿ ಎಷ್ಟಿದೆ?" ಅದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ನಿಜ ಹೇಳಬೇಕು.

ಡಲ್ಲಾಸ್‌ನಲ್ಲಿರುವ ಅಣ್ಣನಿಗೆ ಅದು ರಾತ್ರಿ. ಅವನು ತನ್ನ ಎಫ್-150 ಪಿಕಪ್ಪಿನ ಕೆಳಗೆ ಮಲಗಿ ತೆಗೆದ ಫೋಟೋ ಹಾಕಿದ. "ಇಲ್ಲಿ ನಾನು ಬಿಲ್‌ಸ್ಟೀನ್ ಕಂಪನಿಯ 5100 ಶಾಕ್ ಹಾಕಿಸಿದ್ದೇನೆ. ಮೊನೋಟ್ಯೂಬ್, ಅಂದರೆ ಒಂದೇ ಕೊಳವೆಯದು. ಹಾಕಿಸಿದರೆ ಮೊನೋಟ್ಯೂಬೇ ಹಾಕಿಸಿ, ಬೇರೆ ಎಲ್ಲ ವೇಸ್ಟು. ಲೇಟೆಸ್ಟ್ ಟೆಕ್ನಾಲಜಿ."

ತಂಗಿ ಅವನನ್ನೂ ಬಿಡಲಿಲ್ಲ. "ಲೇಟೆಸ್ಟ್ ಏನಲ್ಲ ಅಣ್ಣಾ. ಬಿಲ್‌ಸ್ಟೀನ್‌ನವರು 1950ರ ದಶಕದಲ್ಲೇ ಮರ್ಸಿಡಿಸ್‌ಗೆ ಮೊನೋಟ್ಯೂಬ್ ಕೊಟ್ಟಿದ್ದಾರೆ."

ಅಣ್ಣ: "ಸೋರ್ಸ್?"

ಇಷ್ಟು ಹೊತ್ತಿನಲ್ಲಿ ನಾನು ನಕ್ಕಿದ್ದು ಅದೊಂದಕ್ಕೇ.

ಆಮೇಲೆ ಅತ್ತೆ ಬಂದರು. ಅತ್ತೆ ಟೈಪ್ ಮಾಡುವುದಿಲ್ಲ, ವಾಯ್ಸ್ ಕಳಿಸುತ್ತಾರೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ಹಿಂದೆ ಕುಕ್ಕರ್ ಸೀಟಿ ಕೇಳುತ್ತಿತ್ತು. ಸಾರಾಂಶ ಇಷ್ಟು: ಶಾಕೋ ಪಾಕೋ ನನಗೆ ಗೊತ್ತಿಲ್ಲ, ಆ ಹಂಪ್ ನಾನು ಹುಟ್ಟಿದಾಗಿಂದ ಅಲ್ಲೇ ಇದೆ.

"ಹಂಪ್ ಹಾಕಿದ್ದು 2011ರಲ್ಲಿ," ಅಂತ ತಂಗಿ ಬರೆದು ಅಳಿಸಿದಳು. ನಾನು ನೋಡಿಬಿಟ್ಟಿದ್ದೆ.

ಜಗಳ ಚೆನ್ನಾಗಿ ಕಾವೇರುತ್ತಿದ್ದಾಗ ತುಮರಿಯ ತಮ್ಮ ಒಂದು ಹಳೇ ಫೋಟೋ ಹಾಕಿದ. ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚಿನ ಮೇಲೆ ನಮ್ಮ ಪಿಕಪ್, ಪಕ್ಕದಲ್ಲಿ ಒಂದು ಜೀಪು, ಮೂರು ಬೈಕು, ಅಜ್ಜ ಛತ್ರಿ ಹಿಡಿದು ನಿಂತಿದ್ದಾರೆ. "ಎಷ್ಟು ಶಾಕ್ ಹಾಕಿದರೂ ಲಾಂಚಿನ ಮೇಲೆ ಗಾಡಿ ಹೋದಷ್ಟು ಸ್ಮೂತ್ ಎಲ್ಲೂ ಹೋಗಲ್ಲ," ಅಂತ ಬರೆದ. ಮುಗಿಯಿತು. ಮುಂದಿನ ಒಂದು ಗಂಟೆ ಎಲ್ಲರೂ ಲಾಂಚ್ ಹತ್ತಿದರು. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದು ಗಾಡಿ ಹತ್ತಿಸಿಕೊಳ್ಳದೆ ಇದ್ದದ್ದು, ಸುತ್ತು ಹಾಕಿ ಹೋಗಿದ್ದು, ಸಂಜೆಯ ಕೊನೇ ಲಾಂಚ್ ತಪ್ಪಿ ದಡದಲ್ಲೇ ಕೂತದ್ದು. ಅಲ್ಲಿ ಸೇತುವೆ ಆದ ಮೇಲೆ ಸಿಗಂದೂರಿಗೆ ಹೋಗುವುದರಲ್ಲಿ ಮಜಾ ಇಲ್ಲ ಅಂತ ಒಬ್ಬರು. ಆಸ್ಪತ್ರೆಗೆ ಹೋಗುವವರನ್ನು ಕೇಳಿ ಮಜಾ ಇದೆಯೋ ಇಲ್ಲವೋ ಅಂತ ಚಿಕ್ಕಮ್ಮ. ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈಯೋ ಆಗಸ್ಟೋ ಅಂತ ಒಂದು ಸಣ್ಣ ಜಗಳ. ಜುಲೈ 14, ಉದ್ದ 2.44 ಕಿಲೋಮೀಟರ್, ಅಂತ ತಂಗಿ. ಈ ಸಲ ಯಾರೂ ಸೋರ್ಸ್ ಕೇಳಲಿಲ್ಲ.

ಅತ್ತೆಯ ಗಂಡ, ಅಂದರೆ ಮಾವ, ಈ ಗುಂಪಿನಲ್ಲಿ ಯಾವಾಗಲೂ ಒಂದೇ ಮಾತು ಬರೆಯುವುದು. ಅವತ್ತೂ ಮಧ್ಯದಲ್ಲಿ ಬರೆದರು: "ನಿಮ್ಮಲ್ಲಿ ಕರೆಂಟ್ ಇದೆಯಾ?"

ನನಗೆ ಮಾತ್ರ ಒಂದು ವಿಷಯ ತಲೆಯಲ್ಲಿ ಉಳಿಯಿತು. ಜಗಳ ಯಾರದ್ದೇ ಇರಲಿ, ಗಾಡಿ ಕುಕ್ಕುವುದು ನಿಜ. ಖಾಲಿ ಗಾಡಿಯಲ್ಲಿ ಸಾಗರಕ್ಕೆ ಹೋಗಿ ಬಂದರೆ ಸೊಂಟ ಬೇರೆಯವರದ್ದು ಅನ್ನಿಸುತ್ತದೆ. ಸೋಮವಾರ ಗ್ಯಾರೇಜಿಗೆ ಹೋದೆ. ಫಾರ್ವರ್ಡ್ ತೋರಿಸಿದೆ. ಮೆಕ್ಯಾನಿಕ್ ಓದಲೂ ಇಲ್ಲ. "ಶಾಕ್ ಲೋಡ್ ಹೊರಲ್ಲ ಸಾರ್. ಹೊರೋದು ಪಟ್ಟಿ," ಅಂದ.

ಪಟ್ಟಿ ಅಂದರೆ ಹಿಂದಿನ ಕಮಾನು ಪಟ್ಟಿ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ನಮ್ಮದು 1.7 ಟನ್ ಹೊರುವ ಗಾಡಿ, ಪಟ್ಟಿ ಅಷ್ಟಕ್ಕೇ ಮಾಡಿದ್ದು. ಖಾಲಿ ಓಡಿಸಿದರೆ ಅದು ಬಗ್ಗುವುದೇ ಇಲ್ಲ, ಹೊಂಡ ಸೀದಾ ಸೀಟಿಗೆ ಬರುತ್ತದೆ. ಶಾಕ್ ಕೆಲಸ ಬೇರೆ. ಪಟ್ಟಿ ಒಮ್ಮೆ ಕುಣಿದರೆ ಅದನ್ನು ನಿಲ್ಲಿಸುವುದು. ಒಳಗೆ ಪಿಸ್ಟನ್, ಅದರಲ್ಲಿ ಸಣ್ಣ ತೂತು, ಎಣ್ಣೆ ಆ ತೂತಿನಲ್ಲಿ ಕಷ್ಟಪಟ್ಟು ಹಾಯುತ್ತದೆ, ಕುಣಿತ ಬಿಸಿಯಾಗಿ ಕರಗುತ್ತದೆ. ಗ್ಯಾಸ್ ಇರುವುದು ಗಾಡಿ ತೇಲಿಸಲು ಅಲ್ಲ. ಕೆಟ್ಟ ರಸ್ತೆಯಲ್ಲಿ ಎಣ್ಣೆ ಮಜ್ಜಿಗೆ ಕಡೆದ ಹಾಗೆ ನೊರೆ ಬರುತ್ತದೆ, ನೊರೆ ಬಂದರೆ ಶಾಕ್ ಹಿಡಿಯುವುದಿಲ್ಲ. ನೈಟ್ರೋಜನ್ ಒತ್ತಿ ಹಿಡಿದರೆ ನೊರೆ ಕಮ್ಮಿ. ಅಷ್ಟೇ.

"ಹಂಪ್ ಹಾರಿಸಿದಾಗ ಒಂದು ಸಲ ಕುಕ್ಕಿ ಕೂರುತ್ತಾ, ಮೂರ್ನಾಲ್ಕು ಸಲ ಕುಣಿಯುತ್ತಾ?" ಅಂತ ಕೇಳಿದ. ಒಂದೇ ಸಲ ಜೋರಾಗಿ ಕುಕ್ಕಿದರೆ ಪಟ್ಟಿ, ಟೈರು, ಇಲ್ಲ ಓಡಿಸುವವನ ಸ್ಪೀಡು. ಇಳಿದ ಮೇಲೂ ಕುಣಿಯುತ್ತಲೇ ಇದ್ದರೆ ಶಾಕ್ ಹೋಗಿದೆ ಅಂತ ಅರ್ಥ.

ನಾನು ಅಲ್ಲೇ ನಿಂತು ಗುಂಪಿಗೆ ಬರೆದೆ: "ಒಂದು ಪ್ರಶ್ನೆ. ಉಪನಯನದ ದಿನ ಗಾಡಿ ಒಂದು ಸಲ ಕುಕ್ಕಿತಾ, ಮೂರು ಸಲ ಕುಣಿಯಿತಾ?"

ಭಾವ: "ಮೂರು."

ಅತ್ತೆ (ವಾಯ್ಸ್, ನಾಲ್ಕು ಸೆಕೆಂಡು): "ಒಂದು!"

ಡಲ್ಲಾಸ್ ಅಣ್ಣ: "ನನಗೆ ನೆನಪಿರುವಂತೆ ಎರಡು." ಅವನು ಆ ಉಪನಯನಕ್ಕೆ ಬಂದೇ ಇರಲಿಲ್ಲ.

ಮೆಕ್ಯಾನಿಕ್ ಅಷ್ಟರಲ್ಲಿ ಹಿಂದಿನ ಎರಡೂ ಶಾಕ್ ಬಿಚ್ಚಿ ನೆಲದ ಮೇಲೆ ನಿಲ್ಲಿಸಿದ್ದ. ಬಲಗಡೆಯದನ್ನು ಒತ್ತಿದರೆ ಮೊದಲಿಂದ ಕೊನೆವರೆಗೂ ಒಂದೇ ಸಮ ಬಿಗಿ. ಎಡಗಡೆಯದು ಅರ್ಧ ದೂರ ಸುಮ್ನೆ ಇಳಿದು ಆಮೇಲೆ ಹಿಡಿಯುತ್ತಿತ್ತು, ಹೊರಗೆಲ್ಲ ಎಣ್ಣೆ ಸೋರಿ ಧೂಳು ಕೂತು ಕಪ್ಪು ಕೆಸರು. ಶಾಕ್ ಕೂರಿಸುವ ಕೆಳಗಿನ ರಬ್ಬರ್ ಬುಷ್ ತೆಗೆದು ಅಂಗೈಯಲ್ಲಿಟ್ಟ. ದುಂಡಗೆ ಇರಬೇಕಾದ ತೂತು ಹಲಸಿನ ಬೀಜದ ಆಕಾರಕ್ಕೆ ಬಂದಿತ್ತು. ಹೊಂಡ ಬಂದಾಗಲೆಲ್ಲ ಟಕ್ ಟಕ್ ಅನ್ನುತ್ತಿದ್ದದ್ದು ಇದು. ನಾನು ಅದನ್ನು ಹಿಂದಿನ ಡೋರ್ ಅಂದುಕೊಂಡು ಎರಡು ವರ್ಷದಿಂದ ಹಗ್ಗ ಕಟ್ಟುತ್ತಿದ್ದೆ.

ಯಾವುದು ಹಾಕೋಣ ಅಂತ ಕೇಳಿದೆ. ಅಣ್ಣನ ಮೊನೋಟ್ಯೂಬ್ ಫೋಟೋನೂ ತೋರಿಸಿದೆ. "ಒಳ್ಳೇದೇ ಸಾರ್, ಬೇಗ ಬಿಸಿ ಆಗಲ್ಲ. ಆದ್ರೆ ಒಂದೇ ಟ್ಯೂಬು. ನಿಮ್ಮ ರೋಡಲ್ಲಿ ಜಲ್ಲಿ ಹಾರಿ ಒಂದು ತಗ್ಗು ಬಿದ್ರೆ ಒಳಗೆ ಪಿಸ್ಟನ್ ಅಲ್ಲೇ ಸಿಕ್ಕಿಬೀಳುತ್ತೆ. ರೇಟೂ ಜಾಸ್ತಿ. ತಿಂಗಳಲ್ಲಿ ಎಷ್ಟು ದಿನ ಲೋಡು?" ನಾಲ್ಕೈದು ದಿನ ಅಂದೆ. ಹಾಗಿದ್ದರೆ ಗಟ್ಟಿ ಶಾಕ್ ಬೇಡವೇ ಬೇಡ, ಗಟ್ಟಿಯಾದಷ್ಟೂ ಖಾಲಿ ಗಾಡಿ ಇನ್ನೂ ಕುಕ್ಕುತ್ತದೆ, ಇದೇ ಮಾಡೆಲಿಗೆ ಬರುವ ಸಾಧಾರಣ ಗ್ಯಾಸ್ ಟ್ವಿನ್ ಟ್ಯೂಬ್, ಅಂದರೆ ಒಂದರೊಳಗೊಂದು ಎರಡು ಕೊಳವೆ ಇರುವುದು, ಸಾಕು ಅಂದ. ಹೊಸದನ್ನು ಹಳೆಯದರ ಪಕ್ಕ ಹಿಡಿದು ಉದ್ದ ನೋಡಿದ. ಒಂದೇ ಕೆಟ್ಟಿದ್ದರೂ ಎರಡೂ ಬದಲಿಸಬೇಕು, ಇಲ್ಲದಿದ್ದರೆ ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪಂಪ್ ಹೊಡೆದು ಒಳಗಿನ ಗಾಳಿ ಬಿಡಿಸಿದ. ಬುಷ್ ನಟ್ಟು ಕೊನೆಗೆ ಬಿಗಿ ಮಾಡಿದ್ದು ಗಾಡಿಯನ್ನು ಜಾಕಿನಿಂದ ಇಳಿಸಿದ ಮೇಲೆ. ಎತ್ತಿಟ್ಟು ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದಂತೆ.

ಎಲ್ಲ ಮುಗಿದ ಮೇಲೆ ಟೈರಿಗೆ ಗೇಜ್ ಇಟ್ಟ. 65 ಪಿಎಸ್‌ಐ. ಬಾಗಿಲ ಹತ್ತಿರದ ಸ್ಟಿಕ್ಕರ್ ತೋರಿಸಿದ, ಖಾಲಿಗೆ ಒಂದು, ಲೋಡಿಗೆ ಒಂದು ಲೆಕ್ಕ. ಅಡಿಕೆ ಕೊಯ್ಲು ಮುಗಿದು ಎರಡು ತಿಂಗಳಾಗಿತ್ತು, ನನ್ನ ಟೈರಿನಲ್ಲಿ ಮಾತ್ರ ಇನ್ನೂ ಕೊಯ್ಲಿನ ಲೋಡಿನ ಗಾಳಿ. ಆಗ ಚಿಕ್ಕಮ್ಮನ ಸಾಲು ನೆನಪಾಗಿ ಮೇಲೆ ಹುಡುಕಿದೆ. ಕಷಾಯದ ಜಗಳಕ್ಕೂ ಎಫ್-150ಗೂ ನಡುವೆ ಒಂಟಿಯಾಗಿ ಕೂತಿತ್ತು.

ಹೊರಡುವಾಗ ಸುಮ್ನೆ ಮೆಕ್ಯಾನಿಕ್‌ಗೆ ಸಾರಿನ ಕಥೆ ಹೇಳಿದೆ. ಎಡಗಡೆ ಶಾಕ್ ಆಗಲೇ ಹೋಗಿತ್ತಾ ಅಂತ ಕೇಳಿದೆ. ಅವನು ಅದಕ್ಕೆ ಉತ್ತರ ಕೊಡಲಿಲ್ಲ. "ಪಾತ್ರೆ ಎಲ್ಲಿಟ್ಟಿದ್ರಿ?" ಅಂದ.

"ಹಿಂದೆ, ಡೋರ್ ಹತ್ತಿರ. ಇಳಿಸೋಕೆ ಸುಲಭ ಅಂತ."

"ಆಕ್ಸಲ್‌ಗಿಂತ ಹಿಂದೆ ಅಲ್ವಾ. ಅಲ್ಲೇ ಸಾರ್ ಜಾಸ್ತಿ ಎತ್ತಿ ಹಾಕೋದು. ಕ್ಯಾಬಿನ್‌ಗೆ ಒತ್ತಿ ಇಡಬೇಕಿತ್ತು. ಮುಚ್ಚಳ ಕಟ್ಟಿದ್ರಾ?"

ಕಟ್ಟಿರಲಿಲ್ಲ. ಮುಚ್ಚಳದ ಮೇಲೆ ಬಾಳೆಎಲೆಯ ಕಟ್ಟು ಇಟ್ಟಿದ್ದರು, ಅಷ್ಟೇ.

ಮನೆಗೆ ಬರುವಾಗ ಶಾಲೆಯ ಹಂಪ್ ಮೇಲೆ ಬೇಕಂತಲೇ ಹೋದೆ. ಒಂದು ಸಲ ಕುಕ್ಕಿತು, ಕೂತಿತು. ಕಾರಿನ ಹಾಗೆ ಏನೂ ಆಗಿಲ್ಲ. ಪಿಕಪ್ ಪಿಕಪ್ಪೇ. ಆದರೆ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಈ ಸಲ ಮಕಾಡೆ ಬೀಳಲಿಲ್ಲ.

ರಾತ್ರಿ ಎಲ್ಲವನ್ನೂ ಉದ್ದಕ್ಕೆ ಬರೆದು ಗುಂಪಿಗೆ ಹಾಕಿದೆ. ಪಟ್ಟಿ, ಎಣ್ಣೆ, ನೊರೆ, ಬುಷ್, ಗಾಳಿ. ಚಿಕ್ಕಮ್ಮನಿಗೆ ಥ್ಯಾಂಕ್ಸ್. ಕೊನೆಯಲ್ಲಿ ಮೆಕ್ಯಾನಿಕ್ ಹೇಳಿದ್ದನ್ನೂ ಸೇರಿಸಿದೆ, ಪಾತ್ರೆ ಡೋರ್ ಹತ್ತಿರ ಇಡಬಾರದಿತ್ತು, ಮುಚ್ಚಳ ಕಟ್ಟಬೇಕಿತ್ತು ಅಂತ.

ಭಾವ: "ಎಡಗಡೆ ಶಾಕ್ ಹೋಗಿತ್ತು ಅಂತ ಅವನೇ ಬರೆದಿದ್ದಾನೆ. ಎಲ್ಲರೂ ನೋಡಿ."

ದೊಡ್ಡಪ್ಪ: "ಕೊನೆಗೂ ಗ್ಯಾಸ್ ಹಾಕಿಸಿದೆಯಾ? ಹುಷಾರು."

ಆಮೇಲೆ ಅತ್ತೆಯ ವಾಯ್ಸ್ ಬಂತು. ಈ ಸಲ ಧ್ವನಿ ತಣ್ಣಗಿತ್ತು. "ಅದು ಸರಿ. ಅವತ್ತು ಆ ಪಾತ್ರೆ ಗಾಡಿಗೆ ಹತ್ತಿಸಿ ಇಟ್ಟಿದ್ದು ಯಾರು?"

ಯಾರು ಅಂತ ನನಗೆ ಗೊತ್ತಿತ್ತು. ಭಾವನಿಗೂ ಗೊತ್ತಿತ್ತು. ಐದು ನಿಮಿಷ ಗುಂಪಿನಲ್ಲಿ ಒಂದು ಅಕ್ಷರ ಇಲ್ಲ.

ಆಮೇಲೆ ಮಾವ ಬರೆದರು: "ನಿಮ್ಮಲ್ಲಿ ಕರೆಂಟ್ ಇದೆಯಾ?"